ಭಾವನ ಬಿಲ್ಲು, ಅಕ್ಕನ ಬೆಡ್‌ಶೀಟು

ನಮ್ಮ ಭಾವನನ್ನು ಒಬ್ಬರನ್ನೇ ಪರದೇಶಕ್ಕೆ ಕಳಿಸಬಾರದು. ಕಳಿಸಿದರೂ ವಾಪಸು ಬರುವಾಗ ವಿಮಾನ ನಿಲ್ದಾಣದಲ್ಲಿ ಅವರ ಪೆಟ್ಟಿಗೆಯನ್ನಲ್ಲ, ತಲೆಯನ್ನು ಸ್ಕ್ಯಾನ್ ಮಾಡಬೇಕು. ಪೆಟ್ಟಿಗೆಯಲ್ಲಿ ಹೆಚ್ಚೆಂದರೆ ನಾಲ್ಕು ಚಾಕೊಲೇಟು ಇರುತ್ತದೆ. ತಲೆಯಲ್ಲಿ ಮಾತ್ರ ಆ ದೇಶದ ಯಾವುದಾದರೊಂದು ಪದ್ಧತಿ ಸುಂಕ ಕಟ್ಟದೆ ಒಳಗೆ ಬಂದಿರುತ್ತದೆ!

ಭಾವನೆಂದರೆ ನನ್ನ ಅಕ್ಕನ ಗಂಡ. ಕತಾರಿನ ಪಶ್ಚಿಮ ತೀರದ ದುಖಾನ್ ಎಂಬ ಎಣ್ಣೆಯ ಊರಿನಲ್ಲಿ, ಕಂಪನಿ ಕೊಟ್ಟ ಮನೆಯಲ್ಲಿದ್ದುಕೊಂಡು, ಮೂವತ್ತು ವರ್ಷ ಪಂಪುಗಳ ಯೋಗಕ್ಷೇಮ ನೋಡಿದವರು. ನಾನಿರುವುದು ದೋಹಾದ ಅಲ್ ಹಿಲಾಲಿನಲ್ಲಿ. ಅಲ್ಲಿಂದ ದುಖಾನಿಗೆ ಒಂದು ಗಂಟೆಗೂ ಮಿಕ್ಕಿದ ದಾರಿ. ಎರಡೂ ಬದಿಗೆ ಮರಳು, ನಡುವೆ ರಸ್ತೆ, ರಸ್ತೆಯ ಮೇಲೆ ಚಿಂತೆ ಮಾಡುತ್ತಾ ನಾನು. ಟೈರು ಒಡೆದರೆ? ಒಂಟೆ ಅಡ್ಡ ಬಂದರೆ? ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೇನೆಯೇ? ನನ್ನ ಉದ್ಯೋಗವೂ ಅದೇ. ಒಂದು ಕಟ್ಟಡ ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಊರಿನಲ್ಲಿ ಬಿಟ್ಟಿಯಾಗಿ ಪಡುತ್ತಿದ್ದ ಚಿಂತೆಗೆ ಇಲ್ಲಿ ಸಂಬಳ ಕೊಡುತ್ತಾರೆ.

ಭಾವ ಒಮ್ಮೆ ಫಿನ್ಲೆಂಡಿಗೆ ಹೋಗಿ ಬಂದರು. ಬಂದವರೇ, "ಅಲ್ಲಿಯವರ ಆರೋಗ್ಯದ ಗುಟ್ಟು ಬಿಸಿ ಕೋಣೆ ಮಾರಾಯ!" ಎಂದು ಘೋಷಿಸಿ, ಜುಲೈ ತಿಂಗಳ ಒಂದು ಮಧ್ಯಾಹ್ನ ಮಲಗುವ ಕೋಣೆಯ ಎಸಿ ಬಂದ್ ಮಾಡಿ, ಬಾಗಿಲು ಹಾಕಿ, ಟವೆಲು ಸುತ್ತಿ ಕುಳಿತರು. ಫಿನ್ಲೆಂಡಿನವರು ಅಷ್ಟೆಲ್ಲ ಸೌದೆ ಸುಟ್ಟು ಪಡೆಯುವ ಸುಖವನ್ನು ಕತಾರಿನ ಸೂರ್ಯ ಪುಕ್ಕಟೆಯಾಗಿ ಕೊಟ್ಟ. ಎಸಿ ಕೆಟ್ಟಿದೆಯೆಂದು ಅಕ್ಕ ಕರೆಸಿದ ಮೆಕ್ಯಾನಿಕ್ ಬಾಗಿಲು ತೆಗೆದಾಗ ಭಾವ ಹಬೆಯ ಪಾತ್ರೆಯಿಂದ ಇಳಿಸಿದ ಅಕ್ಕಿ ಪುಂಡಿಯ ಹಾಗೆ ಬೆಂದು, ಹಬೆಯಾಡುತ್ತಾ, ನಗುತ್ತಾ ಕುಳಿತಿದ್ದರಂತೆ. ಇನ್ನೊಮ್ಮೆ ಜಪಾನು. ಅಲ್ಲಿಂದ ತಂದದ್ದು ಬಗ್ಗಿ ನಮಸ್ಕರಿಸುವ ಪದ್ಧತಿ. ಸೂಪರ್ ಮಾರ್ಕೆಟಿನ ಕ್ಯಾಷಿಯರ್ ಹುಡುಗಿಗೆ ಬಗ್ಗಿದರು. ಅವಳು ಮರ್ಯಾದೆಯವಳು, ತಿರುಗಿ ಬಗ್ಗಿದಳು. ಇವರು ಇನ್ನಷ್ಟು ಬಗ್ಗಿದರು. ಸೋಲುವವರು ಯಾರು? ಹಿಂದಿನ ಸಾಲು ಬೆಳೆಯುತ್ತಾ ಹೋಗಿ ಮೀನಿನ ಕೌಂಟರಿನ ತನಕ ಮುಟ್ಟಿತು.

ಇಂಥವರನ್ನು ಹೋದ ವರ್ಷ ಕಂಪನಿ ಹೊಸ ಪಂಪಿನ ತರಬೇತಿಗೆಂದು ಹತ್ತು ದಿನ ಇಟಲಿಗೆ ಕಳಿಸಿತು. ನಿವೃತ್ತಿಗೆ ಒಂದೇ ವರ್ಷ ಉಳಿದವರನ್ನು ತರಬೇತಿಗೆ ಕಳಿಸುವ ಜಾಣತನ ದೊಡ್ಡ ಕಂಪನಿಗಳಿಗೆ ಮಾತ್ರ ಇರಲು ಸಾಧ್ಯ!

ರಜೆಯ ದಿನ ಅಲ್ಲಿಯ ಸಹೋದ್ಯೋಗಿಯೊಬ್ಬ ಇವರನ್ನು ಗುಡ್ಡದ ಮೇಲಿನ ಒಂದು ಹಳೆಯ ಊರಿಗೆ ಕರೆದುಕೊಂಡು ಹೋದನಂತೆ. ಕಲ್ಲಿನ ಮನೆಗಳು, ಕಲ್ಲಿನ ಬೀದಿಗಳು, ಏರಿದಷ್ಟೂ ಮುಗಿಯದ ಮೆಟ್ಟಿಲುಗಳು. ಅವತ್ತು ಅಲ್ಲಿ ಕೇರಿ ಕೇರಿಗಳ ನಡುವೆ ಬಿಲ್ಲಿನ ಪಂದ್ಯ. ಪ್ರತಿ ಕೇರಿಗೂ ಒಂದೊಂದು ಬಾವುಟ. ಒಂದರಲ್ಲಿ ಸಿಂಹ, ಇನ್ನೊಂದರಲ್ಲಿ ಗೋಪುರ. ಅಜ್ಜನ ಕಾಲದ ಬಣ್ಣದ ಅಂಗಿ ತೊಟ್ಟ ಬಿಲ್ಲುಗಾರರು. ತಟ್ಟೆಯಗಲದ ಗುರಿ. ಭಾವ ಬಿಸಿಲೆಂದು ಒಂದು ಮನೆಯ ನೆರಳಿನಲ್ಲಿ ನಿಂತದ್ದಷ್ಟೇ. ಆ ಮನೆಯ ಅಜ್ಜಿ ಹೊರಗೆ ಬಂದು, ಇವರ ಕೊರಳಿಗೆ ಕೆಂಪು ಹಳದಿ ಶಾಲು ಕಟ್ಟಿ, ಕೆನ್ನೆಗೆ ಎರಡು ತಟ್ಟಿದಳು. ಮುಗಿಯಿತು! ನಮ್ಮ ಭಾವ ಆ ಕೇರಿಯ ಪ್ರಜೆಯಾದರು. ಗಂಟಲು ಬಿದ್ದುಹೋಗುವ ತನಕ ಕೂಗಿದರು. ಅವರ ಕೇರಿಯೇ ಗೆದ್ದಿತು.

ಮರುದಿನ ತರಬೇತಿಗೆ ಹೋದರೆ, ಪಾಠ ಮಾಡುವವನು ಸೋತ ಕೇರಿಯವನು. ಇವರ ಕೊರಳಲ್ಲಿ ಇನ್ನೂ ಶಾಲು! ಮಧ್ಯಾಹ್ನದ ತನಕ ಅವನು ಇವರ ಮುಖ ನೋಡದೆ ಪಂಪಿಗೇ ಪಾಠ ಮಾಡಿದನಂತೆ.

"ಅದಲ್ಲ ವಿಷಯ," ಎಂದರು ಭಾವ, ಇಟಲಿಯಿಂದ ಬಂದ ಮೊದಲ ಶುಕ್ರವಾರ ನಮ್ಮ ಮನೆಯಲ್ಲಿ ನೀರುದೋಸೆ ಮಡಚುತ್ತಾ. "ಆ ಅಜ್ಜಿಯ ಗಂಡ ಆ ವಾರ ಮನೆಯಲ್ಲೇ ಇಲ್ಲ ಗೊತ್ತುಂಟಾ? ಯಾಕೆ? ಅವನು ಹುಟ್ಟಿದ್ದು ಬೇರೆ ಕೇರಿ. ಪಂದ್ಯದ ವಾರ ಪೂರಾ ತಂಗಿ ಮನೆಯಲ್ಲಿ ಊಟ, ತಂಗಿ ಮನೆಯಲ್ಲಿ ನಿದ್ದೆ. ಬೀದಿಯಲ್ಲಿ ಹೆಂಡತಿ ಸಿಕ್ಕಿದ್ರೆ ಆಚೆ ನೋಡುದು!"

"ಒಳ್ಳೆ ಪದ್ಧತಿ," ಎಂದಳು ನನ್ನ ಹೆಂಡತಿ, ನನ್ನನ್ನೇ ನೋಡುತ್ತಾ. "ವರ್ಷಕ್ಕೆ ಒಂದೇ ವಾರವಾ ಭಾವ?"

"ನಾವೂ ಮಾಡುವ," ಎಂದರು ಭಾವ.

ನನ್ನ ಕೈಯಲ್ಲಿದ್ದ ದೋಸೆ ತಟ್ಟೆಗೆ ಬಿತ್ತು. ಬಿಲ್ಲು! ಬಾಣ! ಕಣ್ಣು! ವಿಮೆ! ನನ್ನೊಳಗಿನ ಸೈರನ್ನುಗಳೆಲ್ಲ ಒಟ್ಟಿಗೆ ಕೂಗಿಕೊಂಡವು.

ಆದರೆ ಭಾವನ ತಲೆಯೊಳಗೆ ಹೊಕ್ಕದ್ದನ್ನು ಹೊರಗೆ ತೆಗೆದವರುಂಟೆ? ಮುಂದಿನ ವಾರವೇ ಅಲ್ ಹಿಲಾಲಿನಲ್ಲಿ ಹಮೀದಾಕನ ಪರದೆ ಅಂಗಡಿಯಲ್ಲಿ ಸಭೆ ಸೇರಿತು. ಹಮೀದಾಕ ನಮ್ಮ ಕಡಲ ತೀರದ ಬ್ಯಾರಿಗಳು. ಅರ್ಧ ದೋಹಾದ ಕಿಟಕಿಗಳ ಮಾನ ಮುಚ್ಚಿದವರು. ಅವರನ್ನು ಅಲ್ ಹಿಲಾಲ್ ಕೇರಿಯ ನಾಯಕರೆಂದು ಸಾರಲಾಯಿತು. ದೋಹಾದ ಉತ್ತರಕ್ಕಿರುವ ಉಮ್ಮ್ ಸಲಾಲ್ ಕೇರಿಗೆ ವಸಂತಿ ಟೀಚರ್. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಲೆಕ್ಕ ಕಲಿಸುತ್ತಿರುವ ಅವರು ನಿಯಮಾವಳಿಯ ಉಸ್ತುವಾರಿಯನ್ನೂ ವಹಿಸಿಕೊಂಡರು. ವಹಿಸಿಕೊಂಡರು ಎನ್ನುವುದಕ್ಕಿಂತ ಬೇರೆಯವರು ಕೈಚಾಚುವ ಮೊದಲೇ ಪೆನ್ನು ತೆಗೆದರು. ಅವರ ಯಜಮಾನರು ಎಂದಿನಂತೆ ಟೀಚರ ಬ್ಯಾಗು ಹಿಡಿದು ಹಿಂದೆ ಕುಳಿತರು. ದುಖಾನಿಗೆ ಭಾವ. ನಾನು ಎಲ್ಲರ ಸೇಫ್ಟಿ.

ಕೇರಿಯೆಂದರೆ ಯಾವುದು ಎಂಬ ಪ್ರಶ್ನೆ ಬಂತು.

"ಹುಟ್ಟಿದ ಕೇರಿ. ಬಾಡಿಗೆ ವಿಳಾಸ ನಡೆಯುದಿಲ್ಲ," ಎಂದರು ಭಾವ.

ಹಮೀದಾಕ ನಕ್ಕರು. "ನಾವೇನು ಕತಾರಿನಲ್ಲಿ ಹುಟ್ಟಿದವರಾ ಮಾರ್ರೆ? ಹಾಗೆ ಹೋದ್ರೆ ಒಂದು ಟೀಮು ಪುತ್ತೂರು, ಒಂದು ಕಾಪು, ಒಂದು ಬಂಟ್ವಾಳ. ಖಲಾಸ್! ಮನೆಗೆ ಹೋಗುವ."

ಮೂಲೆಯಲ್ಲಿ ಕುಳಿತು ಎಲ್ಲರ ಪ್ಲೇಟಿಗೂ ಗೋಳಿಬಜೆ ಹಾಕುತ್ತಿದ್ದ ಅಕ್ಕ ತಲೆಯೆತ್ತದೆ ಹೇಳಿದಳು: "ಹುಟ್ಟಿದ್ದು ಅಂದ್ರೆ... ಈ ದೇಶಕ್ಕೆ ಬಂದ ಮೊದಲ ರಾತ್ರಿ ಯಾವ ಕೇರಿಯಲ್ಲಿ ಮಲಗಿದ್ದೋ, ಅದೇ ಅಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಟೀಚರ್ ಅದನ್ನು ಒಂದನೆಯ ನಿಯಮವೆಂದು ಬರೆದುಕೊಂಡರು.

"ಹಾಗಾದ್ರೆ ನಾನು ಪಕ್ಕಾ," ಎಂದು ಹಮೀದಾಕ ಎದೆ ತಟ್ಟಿಕೊಂಡರು. "ಈ ಅಂಗಡಿ ಮೇಲಿನ ರೂಮಿನಲ್ಲೇ ನನ್ನ ಬದುಕು ಶುರುವಾದದ್ದು. ಅಲ್ ಹಿಲಾಲಿನ ಮಣ್ಣಿನ ಮಗ ನಾನು!"

"ಅಲ್ ಹಿಲಾಲಿನಲ್ಲಿ ಮಣ್ಣು ಎಲ್ಲುಂಟು? ಪೂರಾ ಸಿಮೆಂಟು," ಎಂದರು ಟೀಚರ್ ಬರೆಯುತ್ತಲೇ.

ಎರಡನೆಯ ನಿಯಮ ಮಾಡಿಸಿದ ಕೀರ್ತಿ ನನಗೇ ಸಲ್ಲಬೇಕು. ಕೇರಿಗೆ ಕನಿಷ್ಠ ಐದು ಜನ ಇರಬೇಕು, ಇಲ್ಲದಿದ್ದರೆ ಆ ಕೇರಿಗೆ ಬಾವುಟವಿಲ್ಲ, ಬೇರೆ ಕೇರಿಯ ಬಾಲವಾಗಿ ಆಡಬೇಕು ಎಂದೆ. ಯಾಕೆ? ಒಬ್ಬ ಬಿದ್ದರೆ ಎತ್ತಲು ನಾಲ್ಕು ಜನ ಬೇಡವೇ? ಎಲ್ಲರೂ ನನ್ನ ಮುಂದಾಲೋಚನೆಯನ್ನು ಮೆಚ್ಚಿದರು. ಭಾವನೂ ಮೆಚ್ಚಿದರು. ಮನೆಗೆ ಬಂದು ಕೈತೊಳೆಯುವಾಗ ನನಗೆ ಹೊಳೆಯಿತು: ಒಂದು ಕಾಲಕ್ಕೆ ದುಖಾನಿನಲ್ಲಿ ನಮ್ಮವರ ಮನೆಗಳು ಹನ್ನೆರಡಿದ್ದವು. ಈಗ ಉಳಿದದ್ದು ಒಂದೇ. ದುಖಾನ್ ಕೇರಿಯೆಂದರೆ ಭಾವ ಮತ್ತು ಅಕ್ಕ. ಐದರಲ್ಲಿ ಎರಡು ಹೋದರೆ ಮೂರು ಕಡಿಮೆ ಎಂಬ ಲೆಕ್ಕಕ್ಕೆ ಟೀಚರೇ ಬೇಕೆ?

ಭಾವನಿಗೆ ಫೋನು ಮಾಡಿ ಆ ನಿಯಮ ತೆಗೆಸಲೇ ಎಂದು ಕೇಳಿದೆ.

"ಬೇಡ. ನಿಯಮ ಅಂದ್ರೆ ನಿಯಮ," ಎಂದರು. "ಮಾರ್ಚಿನಲ್ಲಿ ಮನೆಯ ಚಾವಿ ಕಂಪನಿಗೆ ಕೊಡ್ಲಿಕ್ಕುಂಟು ಮಾರಾಯ. ಮತ್ತೆ ನಮ್ಮ ಜನರ ಬಾಯಲ್ಲಿ ದುಖಾನ್ ಅಂತ ಹೆಸರೇ ಬರ್ಲಿಕ್ಕಿಲ್ಲ. ಅದಕ್ಕಿಂತ ಮೊದಲು ಒಂದು ಸಲ ನಮ್ಮ ಬಾವುಟ ಏರ್ಬೇಕು, ಒಂದು ಸಲ ಐದು ಜನ ದುಖಾನ್ ಅಂತ ಕೂಗ್ಬೇಕು. ಅಷ್ಟೇ. ಸೋತ್ರೂ ಅಡ್ಡಿಲ್ಲ."

ಈಗ ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಇಪ್ಪತ್ತೊಂದು ವರ್ಷದ ಹಿಂದೆ ನಾನು ಕತಾರಿಗೆ ಬಂದ ಮೊದಲ ರಾತ್ರಿ ಮಲಗಿದ್ದು ಇದೇ ಭಾವನ ಮನೆಯ ಹಾಲ್‌ನಲ್ಲಿ. ನಿಯಮದ ಪ್ರಕಾರ ನಾನು ಅಪ್ಪಟ ದುಖಾನಿನವನು. ಹೇಳಿದೆನೆ? ಇಲ್ಲ! ಯಾಕೆಂದರೆ, ಹಮೀದಾಕ ಆಗಲೇ ನನಗೆ ಅಲ್ ಹಿಲಾಲಿನ ನೀಲಿ ಟೀ ಶರ್ಟು ಕೊಟ್ಟಿದ್ದರು. ಹೆಂಡತಿ ಮದುವೆಯಾಗಿ ನೇರ ಅಲ್ ಹಿಲಾಲಿಗೇ ಬಂದವಳಾದ್ದರಿಂದ ಅವಳು ಆ ಕೇರಿಯವಳು. ನಾನು ಬೇರೆ ಕೇರಿಯೆಂದಾದರೆ ಒಂದು ವಾರ ಎಲ್ಲಿ ಉಣ್ಣುವುದು? ಎಲ್ಲಕ್ಕಿಂತ ಮುಖ್ಯ ಕಾರಣ, ದುಖಾನಿನವನಾದರೆ ಬಿಲ್ಲು ಹಿಡಿಯಬೇಕಿತ್ತು. ಸೇಫ್ಟಿಯವನು ದೂರ ನಿಂತು ಸೀಟಿ ಊದಿದರೆ ಸಾಕು. ಭಾವ ಮರೆತಿರಬೇಕು, ಮರೆತದ್ದೇ ಒಳ್ಳೆಯದಾಯಿತು ಎಂದು ನಾನು ಸುಮ್ಮನಿದ್ದುಬಿಟ್ಟೆ.

ಉಮ್ಮ್ ಸಲಾಲಿನ ಆಚೆಗೆ ಒಂದು ತೋಟವನ್ನು ಶುಕ್ರವಾರಗಳಿಗೆಂದು ಹಿಡಿದೆವು. ಖರ್ಜೂರದ ಮರ, ನಾಲ್ಕು ಆಡು, ಒಂದು ಪ್ಲಾಸ್ಟಿಕ್ ನೀರಿನ ಟ್ಯಾಂಕು. ಬಿಲ್ಲುಗಾರಿಕೆ ಕಲಿಸುವ ಫಿಲಿಪೀನಿನ ಕೋಚ್ ಒಬ್ಬ ಕಾಗದಪತ್ರ ಎಲ್ಲ ಸರಿಮಾಡಿಕೊಂಡು ಬಿಲ್ಲು, ಬಾಣ, ಗುರಿಯ ಹಲಗೆಗಳ ಸಮೇತ ಬಂದ. ನಾನು ಹದಿನೇಳು ಪುಟದ ಅಪಾಯಪಟ್ಟಿ ಮಾಡಿ ತಂದಿದ್ದೆ. ಎಲ್ಲರ ತಲೆಗೂ ನಮ್ಮ ಸೈಟಿನ ಹಳದಿ ಹೆಲ್ಮೆಟು ಹಾಕಿಸಿದೆ. ಇಟಲಿಯವರಿಗೆ ಬಣ್ಣದ ಅಂಗಿಯಾದರೆ ನಮಗೆ ಹಳದಿ ಹೆಲ್ಮೆಟು! ಭಾವ ತಮ್ಮ ಹೆಲ್ಮೆಟಿಗೆ ಎಲ್ಲಿಂದಲೋ ಒಂದು ನವಿಲುಗರಿ ತಂದು ಸಿಕ್ಕಿಸಿಕೊಂಡರು.

"ಈ ಗರಿ ನಿನ್ನ ಹದಿನೇಳು ಪುಟದಲ್ಲಿ ಉಂಟಾ?" ಎಂದು ಕೇಳಿದರು.

ಇರಲಿಲ್ಲ. ಹದಿನೆಂಟನೆಯ ಪುಟ ಬರೆದೆ.

ಮೊದಲ ಅಭ್ಯಾಸದ ದಿನ ಭಾವ ಬಿಲ್ಲು ಎಳೆದರು. ಕಿವಿಯ ತನಕ ಎಳೆದರು. ಆಡುಗಳು ಮೇವು ಬಿಟ್ಟು ನೋಡಿದವು. ಬಾಣ ಹೊರಟಿತು. ಗುರಿ ಇದ್ದದ್ದು ಎದುರಿಗೆ. ಬಾಣ ಹೋದದ್ದು ಬಲಕ್ಕೆ. ಅಲ್ಲಿ ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಗೆ ಹೊಕ್ಕು, ಒಂದು ಕ್ಷಣ ಯೋಚಿಸಿ, ಕೆಳಗೆ ಬಿತ್ತು. ಹಿಂದೆಯೇ ನೀರಿನ ಕಾರಂಜಿ. ಭಾವ ಓಡಿಹೋಗಿ ತೂತಿಗೆ ಹೆಬ್ಬೆರಳು ಒತ್ತಿ ನಿಂತರು. ತೋಟದವನು ಪ್ಲಂಬರನ್ನು ಕರೆತರುವ ತನಕ ಮುಕ್ಕಾಲು ಗಂಟೆ ಹಾಗೆಯೇ ನಿಂತು, ನಮಗೆಲ್ಲ ಬಿಲ್ಲು ಹಿಡಿಯುವ ಕ್ರಮವನ್ನು ಉಪದೇಶಿಸಿದರು.

"ಗುರಿ ಸ್ವಲ್ಪ ತಪ್ಪಿತಲ್ಲ ಭಾವ?" ಎಂದೆ.

"ಎಲ್ಲಿ ತಪ್ಪಿದ್ದು? ಟ್ಯಾಂಕು ಅಡ್ಡ ಬಂತು."

ಹೀಗೆ ಮೂರು ಶುಕ್ರವಾರ ಕಳೆದವು. ಅಲ್ ಹಿಲಾಲಿನ ಸಂಖ್ಯೆ ಇಪ್ಪತ್ತಕ್ಕೇರಿತು. ಹಮೀದಾಕನ ಅಂಗಡಿಯಲ್ಲೇ ಹೊಲಿಗೆ ಮಾಡುವ ಸುಂದರಣ್ಣ ಅವರಿಗೆ ನೀಲಿ ವೆಲ್ವೆಟ್ಟಿನ ಮೇಲೆ ಜರಿಯ ಗಿಡುಗವಿದ್ದ ಬಾವುಟ ಹೊಲಿದುಕೊಟ್ಟರು. ಉಮ್ಮ್ ಸಲಾಲಿಗೆ ಹಸಿರು ಸ್ಯಾಟಿನ್ ಮೇಲೆ ಕೋಟೆ. ದುಖಾನಿನ ಬಾವುಟ ಎಲ್ಲಿ ಎಂದು ಕೇಳಿದರೆ ಭಾವ, "ಮನೆಯವಳು ಹೊಲೀತಿದ್ದಾಳೆ," ಎನ್ನುತ್ತಿದ್ದರು. ಜನ ಎಷ್ಟಾಯಿತು ಎಂದು ಕೇಳಿದರೆ, "ಬರ್ತಾರೆ, ಬರ್ತಾರೆ," ಎನ್ನುತ್ತಿದ್ದರು. ಯಾರನ್ನೂ ಕರೆದದ್ದು ನಾನು ನೋಡಲಿಲ್ಲ. ನನ್ನನ್ನೂ ಕರೆಯಲಿಲ್ಲ. ಅವರು ಕರೆಯದಷ್ಟೂ ನಾನು ಅವರ ಎದುರಿಗೆ ಬೀಳದೆ, ಅಪಾಯಪಟ್ಟಿ ತಿದ್ದುವ ನೆಪದಲ್ಲಿ ತೋಟದ ಇನ್ನೊಂದು ಮೂಲೆಗೆ ಸರಿಯತೊಡಗಿದೆ.

ಪಂದ್ಯದ ಶುಕ್ರವಾರ ಬಂತು. ಜುಮಾ ನಮಾಜು ಮುಗಿಸಿ ಹಮೀದಾಕ ಬಂದ ಮೇಲೆ, ತಿಳಿ ಬಿಸಿಲಿನಲ್ಲಿ, ಮೂರು ಕೇರಿಗಳು ಮೂರು ಹಗ್ಗಗಳ ಹಿಂದೆ ನಿಂತವು. (ಹಗ್ಗ ನನ್ನದು.) ನೀಲಿಯ ಹಿಂದೆ ಇಪ್ಪತ್ತು ಹೆಲ್ಮೆಟು. ಹಸಿರಿನ ಹಿಂದೆ ಹದಿನೆಂಟು. ಮೂರನೆಯ ಹಗ್ಗದ ಹಿಂದೆ ನವಿಲುಗರಿಯ ಒಂದು ಹೆಲ್ಮೆಟು, ಸೀರೆ ಸೆರಗಿನ ಮೇಲೆ ಇನ್ನೊಂದು ಹೆಲ್ಮೆಟು. ಅಷ್ಟೇ.

"ದುಖಾನ್, ಎಷ್ಟು ಜನ?" ಟೀಚರ್ ಹಾಜರಿ ಕೂಗಿದರು.

"ಸದ್ಯಕ್ಕೆ ಇಬ್ಬರು ಟೀಚರ್."

"ಸದ್ಯ ಅಂದ್ರೆ?"

"ಬರ್ತಾರೆ."

ನೀಲಿಯವರ ಕಡೆಯಿಂದ ಯಾರೋ, "ಭಾವಾ, ಟ್ಯಾಂಕನ್ನು ಸೇರಿಸಿದ್ರೆ ಮೂರಾಯ್ತು!" ಎಂದು ಕೂಗಿದರು. ನಗೆ. ಭಾವನೂ ನಕ್ಕರು. ಟೀಚರ್ ಗಡಿಯಾರ ನೋಡಿದರು. "ಕೋಚ್ ಬಾಣ ಹಂಚಿ ಮುಗಿಸುವ ತನಕ ಟೈಮು. ಆಮೇಲೆ ನಿಮ್ಮ ಬಾವುಟ ಮಡಚಿಡ್ಬೇಕು."

ಭಾವ ತಲೆಯಾಡಿಸಿ, ಹಮೀದಾಕನ ಅಂಗಡಿಯಿಂದಲೇ ತಂದ ಪರದೆಯ ಸರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಡಿಸಿದರು. ಅಕ್ಕ ಒಂದು ತುದಿ ಹಿಡಿದಳು. ಗಾಳಿ ಅದನ್ನು ಎತ್ತಿ ಹಿಡಿಯಿತು.

ವೆಲ್ವೆಟ್ಟಲ್ಲ, ಸ್ಯಾಟಿನ್ನಲ್ಲ. ಒಗೆದು ಒಗೆದು ಬಣ್ಣ ಹೋದ ಹತ್ತಿಯ ಬಟ್ಟೆ. ಕೆಳ ಅಂಚಿನುದ್ದಕ್ಕೂ ಒಂದು ಸಾಲು ಕಂದು ಹೂಗಳು. ಆ ಸಾಲಿನ ನಡುವೆ ಒಂದು ದೊಡ್ಡ ಕಂದು ಆಕಾರ.

"ಅದೆಂತ ಪ್ರಾಣಿ?" ಎಂದರು ಹಮೀದಾಕ. "ಒಂಟೆಯಾ?"

"ಮಲಗಿದ ಒಂಟೆ," ಎಂದೆ ನಾನು. ಎಲ್ಲರಿಗಿಂತ ಮೊದಲು ನಕ್ಕವನೂ ನಾನೇ.

ಆಮೇಲೆ ನನ್ನ ನಗೆ ಬಾಯಲ್ಲೇ ನಿಂತಿತು. ಒಂಟೆಯ ಡುಬ್ಬ ನನಗೆ ಗೊತ್ತಿತ್ತು. ಆ ಬಾಗಿದ ಕುತ್ತಿಗೆ ಗೊತ್ತಿತ್ತು. ಅದು ಒಂಟೆಯಲ್ಲ, ಚಹಾ!

ಇಪ್ಪತ್ತೊಂದು ವರ್ಷದ ಹಿಂದೆ, ಬಂದಿಳಿದ ಸಂಜೆ, ಅಕ್ಕ ಹಾಲ್‌ನಲ್ಲಿ ಹಾಸಿಗೆ ಹಾಸಿ, ಟ್ರಂಕಿನಿಂದ ಊರಿನ ಈ ಚಾದರ ತೆಗೆದು ಹಾಸಿದ್ದಳು. ಹಾಲು ಮುಗಿದಿತ್ತೆಂದು ಒಂದು ಗ್ಲಾಸು ಕಡು ಸುಲೈಮಾನಿ ಚಹಾ ಕೊಟ್ಟಿದ್ದಳು. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನು. "ಎಲ್ಲ ಚೆನ್ನಾಗಿದೆ ಅಮ್ಮ, ನನಗೇನೂ ಹೆದರಿಕೆಯಿಲ್ಲ," ಎಂದು ಹೇಳುತ್ತಿರುವಾಗಲೇ ಕೈಯಿಂದ ಜಾರಿ ಇಡೀ ಗ್ಲಾಸು ಚಾದರದ ಅಂಚಿನ ಮೇಲೆ ಚೆಲ್ಲಿತ್ತು. "ಬಿಡು, ತೊಳೆದ್ರೆ ಹೋಗ್ತದೆ," ಎಂದು ಅಕ್ಕ ಒರೆಸಿ, ಅಡುಗೆಮನೆಯ ದೀಪ ಆರಿಸದೆ ಉಳಿಸಿ, ಹೋಗಿ ಮಲಗಿದ್ದಳು. ನನಗೆ ನಿದ್ದೆ ಬರಲಿಲ್ಲ. ಆ ದೀಪದ ಬೆಳಕಿನಲ್ಲಿ ಅಂಚಿನ ಹೂಗಳನ್ನು ಎಣಿಸಿದ್ದೆ. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಹದಿನಾಲ್ಕು ಹೂ, ಒಂದು ಕಲೆ.

ತೊಳೆದರೆ ಹೋಗಿರಲಿಲ್ಲ.

ಯಾವಾಗ ಕಾಲು ಎತ್ತಿದೆನೋ ನನಗೇ ತಿಳಿಯದು. ನನ್ನದೇ ಹಗ್ಗವನ್ನು ನಾನೇ ದಾಟಿದ್ದೆ.

"ಏ, ಇದೆಲ್ಲಿಗೆ ಹೊರಟಿರಿ?" ಹೆಂಡತಿಯ ದನಿ ಬೆನ್ನಿಗೆ ಬಂತು.

"ಕೇರಿಗೆ," ಎಂದೆ. "ಒಂದು ವಾರ ನನಗೆ ಅಡುಗೆ ಮಾಡ್ಬೇಡ."

"ನಿಲ್ಲಿ!" ಎಂದರು ಟೀಚರ್. "ಸುಮ್ಮನೆ ಬಂದು ನಿಲ್ಲಲಿಕ್ಕಿಲ್ಲ. ಪುರಾವೆ?"

"ನಾನು ಇದರ ಮೇಲೆ ಮಲಗಿದ್ದೇನೆ ಟೀಚರ್. ನಿದ್ದೆ ಬಾರದೆ ಹೂ ಎಣಿಸಿದ್ದೇನೆ."

ಲೆಕ್ಕದ ಟೀಚರಿಗೆ ಇದಕ್ಕಿಂತ ಬೇರೆ ಏನು ಬೇಕು? ಬಾವುಟದ ಬಳಿ ಹೋಗಿ, ಪೆನ್ನಿನ ತುದಿಯಿಂದ ಅಂಚಿನ ಹೂಗಳನ್ನು ಒಂದೊಂದಾಗಿ ಎಣಿಸಿ, ಬಾವುಟವನ್ನು ಸುತ್ತಿಸಿಬಿಟ್ಟರು. "ಉತ್ತರ ನನ್ನ ಕಿವಿಯಲ್ಲಿ ಹೇಳ್ಬೇಕು. ಕಾಪಿ ಹೊಡೆಯಲಿಕ್ಕಿಲ್ಲ."

ನಾನು ಕಿವಿಯಲ್ಲಿ ಹೇಳಿದೆ. "ಸರಿ. ಮೂರು," ಎಂದರು.

"ಒಂದು ನಿಮಿಷ." ಹಮೀದಾಕ ಹೆಲ್ಮೆಟು ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು. "ನನ್ನನ್ನು ಕರೆದುಕೊಂಡು ಹೋಗ್ಲಿಕ್ಕೆ ಏರ್‌ಪೋರ್ಟಿಗೆ ಬರ್ಬೇಕಾದವ ಬರ್ಲಿಲ್ಲ. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿದ್ದ ಒಬ್ಬರು, ಬನ್ನಿ ಅಂತ ಕಾರಿಗೆ ಹತ್ತಿಸಿದ್ರು. ಕಾರು ಹೋಯ್ತು, ಹೋಯ್ತು, ಊರೇ ಬರುದಿಲ್ಲ! ಇವತ್ತು ನನ್ನ ಕಥೆ ಮುಗೀತು ಅಂತ ಅಂದುಕೊಂಡೆ..." ಅವರು ಭಾವನ ಮುಖ ನೋಡಿದರು. "ಯಾ ಅಲ್ಲಾಹ್! ಅಂಗಡಿ ರೂಮು ಎರಡನೇ ದಿನ. ನಾನು ಅಲ್ಲಿಂದ ಲೆಕ್ಕ ಹಾಕಿದ್ದು! ಮೊದಲ ರಾತ್ರಿ ಹೆದರಿ ನಾನೂ ಈ ಹೂಗಳನ್ನೇ ಎಣಿಸಿದ್ದು!"

ಅಲ್ ಹಿಲಾಲಿನ ಮಣ್ಣಿನ ಮಗ ಗಿಡುಗದ ಬಾವುಟವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಟೀಚರ ಕಿವಿಗೆ ಬಗ್ಗಿ, ದುಖಾನಿಗೆ ಬಂದರು. ನಾಲ್ಕು.

ಅವರ ಹಿಂದೆಯೇ ಸುಂದರಣ್ಣ ಬಂದರು. ಭಾವನನ್ನು ಬಿಟ್ಟರೆ ನಮ್ಮೆಲ್ಲರಿಗಿಂತ ಮೊದಲು ಈ ದೇಶಕ್ಕೆ ಬಂದ ಹಿರಿಯರು. ಕಿವಿಯಲ್ಲಿ ಹೇಳಿದರು. ಟೀಚರ್ ತಲೆಯಲ್ಲಾಡಿಸಿದರು.

"ತಪ್ಪು."

"ಹದಿನೈದು ಟೀಚರ್!" ಸುಂದರಣ್ಣ ಗಟ್ಟಿಯಾಗಿಯೇ ಕೂಗಿದರು. "ನಲ್ವತ್ತು ವರ್ಷ ಬಟ್ಟೆ ನೋಡಿದ ಕಣ್ಣು ಇದು. ಹದಿನೈದೇ!"

"ಅಲ್ಲ. ಈಗಷ್ಟೇ ನಾನು ಎಣಿಸಿದ್ದೇನೆ. ಯಾವ ಮನೆಯ ಯಾವ ಚಾದರವೋ! ನಿಮ್ಮ ಜಾಗಕ್ಕೆ ಹೋಗಿ."

ಎಲ್ಲರೂ ನಕ್ಕರು. ಸುಂದರಣ್ಣ ಗೊಣಗುತ್ತಾ ಗಿಡುಗದ ಕೆಳಗೆ ಮರಳಿದರು. ಕೋಚಿನ ಕೈಯಲ್ಲಿ ಕೊನೆಯ ಎರಡು ಬಾಣ ಉಳಿದಿದ್ದವು. ಭಾವ ನೇರ ಎದುರಿಗೆ, ಯಾವುದೂ ಇಲ್ಲದ ಕಡೆಗೆ ನೋಡುತ್ತಾ ನಿಂತಿದ್ದರು. ಅವರ ಹೆಲ್ಮೆಟಿನ ಗರಿ ಮಾತ್ರ ಅಲುಗಾಡುತ್ತಿತ್ತು.

ಆಗ ಟೀಚರ ಯಜಮಾನರು ಬ್ಯಾಗನ್ನು ನೆಲಕ್ಕಿಟ್ಟರು. ಅವರು ಬ್ಯಾಗು ಕೆಳಗಿಟ್ಟದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ! ನಡೆದು ಬಂದು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು.

ಟೀಚರ ಬಾಯಿ ತೆರೆದುಕೊಂಡಿತು. "ರೀ, ನೀವು ಮೊದಲು ಬಂದದ್ದು ಲೇಬರ್ ಕ್ಯಾಂಪಿಗೆ ಅಂತ ಹೇಳಿದ್ರಲ್ಲ?"

"ಅದು ಎರಡನೇ ರಾತ್ರಿ," ಎಂದರು ಯಜಮಾನರು. "ಮೊದಲನೇದನ್ನು ನೀನು ಕೇಳ್ಲೇ ಇಲ್ಲ."

"...ಐದು," ಎಂದರು ಟೀಚರ್, ತಮ್ಮ ಇಪ್ಪತ್ತು ವರ್ಷದ ಸರ್ವೀಸಿನಲ್ಲೇ ಅತ್ಯಂತ ಮೆಲ್ಲಗಿನ ದನಿಯಲ್ಲಿ.

ಬಾವುಟ ಏರಿತು. "ದುಖಾನ್!" ಎಂದು ನಾವು ಐವರು ಕೂಗಿದ ರಭಸಕ್ಕೆ ಆಡುಗಳು ಹಗ್ಗ ಕಿತ್ತುಕೊಂಡವು. ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಮೂವರು ಬಂದರು. ಒಟ್ಟು ಎಂಟು ಜನ. ಎಂಟರಲ್ಲಿ ಒಬ್ಬರಿಗೂ ಬಿಲ್ಲು ಹಿಡಿಯಲು ಬಾರದು!

ಪಂದ್ಯದ ಫಲಿತಾಂಶವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಹೆಚ್ಚು ಹೇಳಿದರೆ ನನಗೇ ನಾಚಿಕೆ. ಹಮೀದಾಕನ ಬಾಣ ಕಾಲ ಬಳಿಯೇ ಬಿತ್ತು. ಅಕ್ಕನದು ಹಲಗೆಯ ಅಂಚಿಗೆ ತಾಗಿತು. ಭಾವ ಬಿಲ್ಲೆತ್ತಿದಾಗ ತೋಟದವನು ಬಂದು ಟ್ಯಾಂಕಿನ ಮುಂದೆ ನಿಂತುಕೊಂಡ. ಕೊನೆಯದು ನನ್ನದು. ನಾನು ಎಲ್ಲ ಹದಿನೆಂಟು ಪುಟಗಳನ್ನೂ ನೆನೆದು, ಕಣ್ಣು ಮುಚ್ಚಿ ಬಿಟ್ಟೆ. ಹೋ ಎಂದು ಗದ್ದಲ! ಕಣ್ಣು ತೆರೆದರೆ ಬಾಣ ಗುರಿಯ ಹಳದಿ ವೃತ್ತದ ನಟ್ಟನಡುವೆ ನೆಟ್ಟಿದೆ. ನಾನು ಕುಣಿದೆ. ಅಕ್ಕ ಹಣೆ ಚಚ್ಚಿಕೊಂಡಳು. ಹಲಗೆ ಅಲ್ ಹಿಲಾಲಿನದು! ಯಾರ ಹಲಗೆಯೋ ಅಂಕ ಅವರಿಗೇ ಎಂಬುದು ಮೂರನೆಯ ನಿಯಮ. ಆ ಒಂದು ಬಾಣದಿಂದ ಅಲ್ ಹಿಲಾಲ್ ಗೆದ್ದಿತು.

"ಅಂತೂ ಮನೆಗೆ ಒಂದು ಉಪಕಾರ ಮಾಡಿದಿರಿ," ಎಂದಳು ಹೆಂಡತಿ, ಗಿಡುಗವನ್ನು ಬೀಸುತ್ತಾ.

ಭಾವನಿಗೆ ಸೋಲಿನ ಗೊಡವೆಯೇ ಇರಲಿಲ್ಲ. ಗಂಟಲು ಪೂರ್ತಿ ಬಿದ್ದುಹೋಗಿತ್ತು. ಎಲ್ಲರ ಬೆನ್ನು ತಟ್ಟುತ್ತಾ ಸನ್ನೆಯಲ್ಲೇ ಮಾತಾಡುತ್ತಿದ್ದರು. ಅಕ್ಕ ಬಾವುಟ ಮಡಚುತ್ತಿದ್ದಾಗ ನಾನು ಹತ್ತಿರ ಹೋಗಿ, "ನಿನಗೆ ಹೂವಿನ ಲೆಕ್ಕ ಗೊತ್ತಿತ್ತಾ?" ಎಂದು ಕೇಳಿದೆ.

"ನಾನು ಒಗೆದವಳು ಮಾರಾಯ, ಎಣಿಸಿದವಳಲ್ಲ," ಎಂದಳು.

ಮಾರ್ಚ್ ಬಂತು. ದುಖಾನಿನ ಮನೆ ಖಾಲಿಯಾಯಿತು. ಸಾಮಾನೆಲ್ಲ ಕಾರ್ಗೋದಲ್ಲಿ ಊರಿಗೆ ಹೋಯಿತು, ಚಾವಿ ಕಂಪನಿಗೆ ಹೋಯಿತು. ವಿಮಾನ ಮರುದಿನ ಮಧ್ಯಾಹ್ನಕ್ಕೆ. ಕೊನೆಯ ರಾತ್ರಿಗೆ ಭಾವ, ಅಕ್ಕ ನಮ್ಮ ಮನೆಗೆ ಬಂದರು. ನಮ್ಮದು ಎರಡು ಕೋಣೆಯ ಫ್ಲ್ಯಾಟು. ಅಕ್ಕ ಮಕ್ಕಳ ಕೋಣೆಯಲ್ಲಿ ಮಲಗಿದಳು. ಭಾವ, "ನನಗೆ ಹಾಲ್ ಸಾಕು," ಎಂದರು. ಹೆಂಡತಿ ಹಾಸಿಗೆ ಹಾಕಿದಳು. ಅಕ್ಕನ ಕೈಚೀಲದಲ್ಲಿ ಉಳಿದಿದ್ದ ಒಂದೇ ಬಟ್ಟೆ ಅದರ ಮೇಲೆ ಬಂತು. ಮೂವತ್ತು ವರ್ಷ ಬಂದವರಿಗೆಲ್ಲ ಅದನ್ನು ಹಾಸಿಕೊಟ್ಟ ಮನುಷ್ಯ ಒಮ್ಮೆಯೂ ಅದರ ಮೇಲೆ ಮಲಗಿರಲಿಲ್ಲ.

ವಿಮಾನ ತಡವಾದರೆ? ಪಾಸ್‌ಪೋರ್ಟು ಎಲ್ಲಿಟ್ಟಿದ್ದಾರೋ? ಲಗೇಜು ಜಾಸ್ತಿಯಾದರೆ? ಹೀಗೆಲ್ಲ ಚಿಂತಿಸುತ್ತಾ ನಾನು ಮಲಗಲು ಹೊರಟವನು, ತಿರುಗಿ ಬಂದು ಅಡುಗೆಮನೆಯ ದೀಪ ಹಾಕಿದೆ. ಆರಿಸಲಿಲ್ಲ.

ಬೆಳಿಗ್ಗೆ ಎದ್ದು ಬಂದರೆ ಭಾವ ಆಗಲೇ ಎದ್ದಿದ್ದರು. ಕನ್ನಡಕ ಹಾಕಿಕೊಂಡು, ಚಾದರದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಒಂಟೆಯ ಮೇಲೆ ಬೆರಳಿಟ್ಟು ಕುಳಿತಿದ್ದರು. ಕಣ್ಣು ಕೆಂಪಗಿತ್ತು.

"ಬಾ ಇಲ್ಲಿ," ಎಂದರು. "ನೋಡು. ಇದರ ಅಡಿಯಲ್ಲಿ ಒಂದು ಉಂಟು."

ಬಗ್ಗಿ ನೋಡಿದೆ. ಡುಬ್ಬದ ಕೆಳಗೆ, ಇಪ್ಪತ್ತೊಂದು ವರ್ಷದ ಚಹಾದ ಅಡಿಯಲ್ಲಿ, ಮಸುಕಾಗಿ, ಐದು ಎಸಳಿನ ಒಂದು ಹೂ.

"ಹದಿನೈದು ಮಾರಾಯ," ಎಂದರು ಭಾವ. "ಯಲ್ಲಾ, ಬೇಗ! ಟೀಚರಿಗೆ ಆಮೇಲೆ ಹೇಳುವ. ಮೊದಲು ಸುಂದರನಿಗೆ ಫೋನ್ ಹಾಕು. ಅವನು ನಮ್ಮವನು ಅಂತ ಹೇಳ್ಬೇಕು."